ರಾತ್ರಿ ಒಂದೂವರೆಯಾದರೂ ಮೊಬೈಲ್ ಕೆಳಗಿಡೋಕೆ ಆಗಲ್ಲ: ಇದು ಚಟವಾ ಡಾಕ್ಟ್ರೇ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಕೊರೊನಾಕ್ಕೆ ಮೊದಲು ಮೊಬೈಲ್ ಅಂದರೆ ನನಗೆ ಫೋನ್ ಮಾಡೋದು, ಅಪರೂಪಕ್ಕೆ ಫೋಟೊ ತೆಗೆಯೋದು, ಅಷ್ಟೇ. 2020ರಲ್ಲಿ ಮಕ್ಕಳಿಗೆ ಪಾಠ ಕಳಿಸಲು ವಾಟ್ಸಾಪ್ ಗ್ರೂಪ್ ಮಾಡಿದೆವು. 2021ರ ಮೇ ತಿಂಗಳಲ್ಲಿ ಅಣ್ಣನಿಗೆ ಕೊರೊನಾ ಬಂತು. ಬೆಡ್ಡಿಗಾಗಿ, ಆಕ್ಸಿಜನ್‌ಗಾಗಿ ಹಗಲು ರಾತ್ರಿ ಮೊಬೈಲ್ ಹಿಡಿದುಕೊಂಡೇ ಕೂತಿದ್ದೆ. ಅವನು ಹೋದ ಸುದ್ದಿಯೂ ಬೆಳಗಿನ ಜಾವ ಅತ್ತಿಗೆಯ ಮೆಸೇಜಿನಲ್ಲೇ ಬಂತು. ಆಮೇಲಿಂದ ಮೊಬೈಲ್ ಪಕ್ಕದಲ್ಲಿಲ್ಲದೆ ಮಲಗಿದ್ದೇ ಇಲ್ಲ. ಹತ್ತೂವರೆಗೆ ಹಾಸಿಗೆಗೆ ಹೋದರೂ ರೀಲ್ಸ್, ಸ್ಟೇಟಸ್, ಫೇಸ್‌ಬುಕ್ ಅಂತ ಒಂದೂವರೆ ಆಗುತ್ತದೆ. ನಡುರಾತ್ರಿ ಎಚ್ಚರವಾದರೆ ಮತ್ತೆ ನೋಡುತ್ತೇನೆ. ಹಾರ್ಟ್ ಅಟ್ಯಾಕ್ ವಿಡಿಯೊ ಬಂದರೆ ಎದೆ ಡವಡವ ಅನ್ನುತ್ತದೆ. ಇಸಿಜಿ, ಎಕೊ ಮಾಡಿಸಿದ್ದೇನೆ, ನಾರ್ಮಲ್ ಅಂದರು. ಕಣ್ಣುರಿ, ಕತ್ತುನೋವು, ಮರೆವು. ಕ್ಲಾಸಿನಲ್ಲಿ ಮಕ್ಕಳ ಹೆಸರೇ ನೆನಪಾಗಲ್ಲ. ನೀಲಿ ಬೆಳಕು ತಡೆಯುವ ಕನ್ನಡಕ ಹಾಕಿದೆ, ಉಪಯೋಗ ಆಗಲಿಲ್ಲ. ಯಜಮಾನರು 'ಎಲ್ಲಾ ಡಿಲೀಟ್ ಮಾಡಿ ಬಿಸಾಕು' ಅನ್ನುತ್ತಾರೆ. ಪಿಯುಸಿ ಓದುವ ಮಗನಿಗೆ ಮೊಬೈಲ್ ಬಿಡು ಅಂದರೆ 'ನೀನು ಬಿಟ್ಟಿದ್ದೀಯಾ?' ಅಂತಾನೆ. ಪಕ್ಕದ ಮನೆಯವರು ತಾವು ತಗೊಳ್ಳುವ ನಿದ್ದೆ ಮಾತ್ರೆ ಕೊಟ್ಟಿದ್ದಾರೆ, ಇನ್ನೂ ನುಂಗಿಲ್ಲ. ಇದು ಚಟವಾ? ಕೊರೊನಾದಿಂದಲೋ ಲಸಿಕೆಯಿಂದಲೋ ನನ್ನ ತಲೆ, ಹಾರ್ಟು ಕೆಟ್ಟಿದೆಯಾ? ಏನು ಮಾಡಲಿ?
(ಹೆಸರು ಬೇಡ)

ಉತ್ತರ: ಮೇಡಂ, ಆ ಮಾತ್ರೆ ನುಂಗದೇ ಇದ್ದದ್ದು ಒಳ್ಳೆಯದಾಯಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಚಟದ ಮಾತು. ನಿಮಗೆ ಅದೇ ಜಾಸ್ತಿ ಕೊರೆಯುತ್ತಿದೆ ಅನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ವಿಡಿಯೊ ಗೇಮ್ ಚಟಕ್ಕೆ ಜಾಗ ಇದೆ. 2022ರ ಜನವರಿಯಿಂದ ಅದು ಅಧಿಕೃತವಾಗಿ ಜಾರಿಯಲ್ಲಿದೆ. ಆದರೆ 'ಸೋಶಿಯಲ್ ಮೀಡಿಯಾ ಚಟ' ಅನ್ನುವ ಪ್ರತ್ಯೇಕ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ಹಾಗಂತ ಇದರಿಂದ ತೊಂದರೆಯೇ ಇಲ್ಲ ಅಂತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೆಂದೇ 'ಶಟ್' ಅನ್ನುವ ಕ್ಲಿನಿಕ್ 2014ರಿಂದ ನಡೆಯುತ್ತಿದೆ, ಅಂದರೆ ಕೊರೊನಾಕ್ಕೂ ಎಷ್ಟೋ ಮೊದಲು. ನಾವು ಡಾಕ್ಟರುಗಳು ಗಂಟೆ ಲೆಕ್ಕ ಹಾಕಿ ಚಟ ಅಂತ ತೀರ್ಮಾನ ಮಾಡಲ್ಲ. ಕೆಲಸ ಬಿಟ್ಟು ನೋಡುತ್ತಾರಾ, ಮನೆಯವರಿಗೆ ಸುಳ್ಳು ಹೇಳುತ್ತಾರಾ, ಮೊಬೈಲ್ ಕಿತ್ತುಕೊಂಡರೆ ಮೈಮೇಲೆ ಬರುತ್ತಾರಾ, ಊಟ ಸ್ನಾನ ಬಿಟ್ಟಿದ್ದಾರಾ ಅಂತ ನೋಡುತ್ತೇವೆ. ನೀವು ಬೆಳಿಗ್ಗೆಯಿಂದ ಸಂಜೆವರೆಗೆ ಶಾಲೆಯಲ್ಲಿ ಇರುತ್ತೀರಿ. ಮನೆ ಕೆಲಸವೂ ನಡೆದಿದೆ. ಹಗಲಲ್ಲಿ ಮೊಬೈಲ್ ನಿಮ್ಮನ್ನು ಅಷ್ಟು ಕಾಡಿದ್ದು ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಕಾಡುವುದು ರಾತ್ರಿ, ಹಾಸಿಗೆ ಸೇರಿದ ಮೇಲೆ. ಚಟಕ್ಕೆ ಟೈಮ್‌ಟೇಬಲ್ ಇರಲ್ಲ ಮೇಡಂ. ನಿಮ್ಮದಕ್ಕೆ ಇದೆ.

ನನಗೆ ನಿಮ್ಮ ಪತ್ರದಲ್ಲಿ ಮುಖ್ಯವಾಗಿ ಕಂಡದ್ದು ರೀಲ್ಸ್ ಅಲ್ಲ. ಬೆಳಗಿನ ಜಾವದ ಆ ಮೆಸೇಜು.

2021ರ ಏಪ್ರಿಲ್, ಮೇ ತಿಂಗಳು ಹೇಗಿತ್ತು ಅಂತ ಒಮ್ಮೆ ನೆನೆಸಿಕೊಳ್ಳಿ. ಯಾವ ಆಸ್ಪತ್ರೆಯಲ್ಲಿ ಬೆಡ್ ಇದೆ, ಯಾರ ಹತ್ತಿರ ಸಿಲಿಂಡರ್ ಇದೆ, ರೆಮ್‌ಡೆಸಿವಿರ್ ಎಲ್ಲಿ ಸಿಗುತ್ತದೆ ಅನ್ನುವುದೆಲ್ಲ ಗೊತ್ತಾಗುತ್ತಿದ್ದದ್ದು ಮೊಬೈಲಿನಲ್ಲೇ. ಒಂದು ಮೆಸೇಜ್ ಹತ್ತು ನಿಮಿಷ ತಡವಾಗಿ ನೋಡಿದರೆ ಬೆಡ್ ಬೇರೆಯವರ ಪಾಲಾಗುತ್ತಿತ್ತು. ಆಗ ರಾತ್ರಿಯೆಲ್ಲ ಮೊಬೈಲ್ ನೋಡಿದ್ದು ದುರಭ್ಯಾಸ ಅಲ್ಲ, ಬುದ್ಧಿವಂತಿಕೆ. ನಿಮ್ಮ ಕೈ, ಕಣ್ಣು, ಎದೆಬಡಿತ ಎಲ್ಲವೂ ಆ ದಿನಗಳಲ್ಲಿ ಒಂದು ಪಾಠ ಕಲಿತವು: ರಾತ್ರಿ ಮೊಬೈಲ್ ಬಿಟ್ಟರೆ ಅಪಾಯ. ಆಮೇಲೆ ಆ ಅಪಾಯ ನಿಜವೂ ಆಯಿತು. ಇಷ್ಟು ಗಟ್ಟಿಯಾಗಿ ಕಲಿತದ್ದನ್ನು ಮೈ ಅಷ್ಟು ಸುಲಭಕ್ಕೆ ಮರೆಯಲ್ಲ. ಅಪಾಯ ಮುಗಿಯಿತು ಅಂತ ನಿಮ್ಮ ಬುದ್ಧಿಗೆ ಗೊತ್ತು. ಮೈಗೆ ಯಾರೂ ಹೇಳಿಲ್ಲ. ಅದು ಈಗಲೂ ಕಾಯುತ್ತಾ ಕೂತಿದೆ. ಕಾಯುವಾಗ ಸುಮ್ನೆ ಕೂರಲು ಆಗಲ್ಲ ಅಲ್ವಾ, ಅದಕ್ಕೇ ರೀಲ್ಸ್.

ಇದು ನಿಮ್ಮೊಬ್ಬರ ಕಥೆಯಲ್ಲ. ಎರಡನೇ ಅಲೆಯಲ್ಲಿ ಮನೆಯವರನ್ನು ಕಳೆದುಕೊಂಡ ಎಷ್ಟೋ ಜನ ನನ್ನ ಓಪಿಡಿಗೆ 'ನಿದ್ದೆ ಬರಲ್ಲ', 'ಮೊಬೈಲ್ ಚಟ' ಅಂತಲೇ ಬರುತ್ತಾರೆ. ಸಾವಿನ ವಿಷಯ ಬರುವುದು ಎದ್ದು ಹೋಗುವಾಗ, ಬಾಗಿಲ ಹತ್ತಿರ. ಆ ದಿನಗಳಲ್ಲಿ ಶವಸಂಸ್ಕಾರಕ್ಕೂ ಎಲ್ಲರೂ ಹೋಗಲು ಆಗಲಿಲ್ಲ. ಕೊನೇ ಸಲ ಮುಖ ನೋಡಿದ್ದು ವಿಡಿಯೊ ಕಾಲ್‌ನಲ್ಲಿ. ತಿಥಿಗೆ ನಾಲ್ಕು ಜನ. ಅತ್ತು ಹಗುರಾಗುವ ದಾರಿಗಳೆಲ್ಲ ಮುಚ್ಚಿದ್ದವು. ಉಳಿದದ್ದು ಸ್ಟೇಟಸ್‌ನಲ್ಲಿ ಒಂದು ಫೋಟೊ, 'ಓಂ ಶಾಂತಿ' ಅನ್ನುವ ನೂರು ಮೆಸೇಜು. ಕೊರೊನಾದ ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಹೆಚ್ಚಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ನಮ್ಮಲ್ಲಿ ಎರಡನೇ ಅಲೆಯ ಏಟು ಬಿದ್ದದ್ದು ಅದಾದ ಮೇಲೆ.

ಕೆಟ್ಟ ಸುದ್ದಿಯನ್ನು ಮತ್ತೆ ಮತ್ತೆ ನೋಡುವುದಕ್ಕೂ ತನ್ನದೇ ಪೆಟ್ಟು ಇದೆ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ಆಮೇಲಿನ ವಾರ ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ಆ ಸುದ್ದಿ ನೋಡಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತಲೂ ಹೆಚ್ಚಿನ ಒತ್ತಡದ ಲಕ್ಷಣಗಳು ಕಂಡವು. ಹೆಚ್ಚು ಹೆದರಿದವರೇ ಹೆಚ್ಚು ನೋಡಿರಬಹುದು, ಆ ಮಾತೂ ನಿಜ. ಹೆದರಿಕೆ ನೋಡಿಸುತ್ತದೆ, ನೋಡಿದ್ದು ಹೆದರಿಸುತ್ತದೆ. ನಿಮ್ಮ ರಾತ್ರಿಗಳಲ್ಲಿ ಆಗುತ್ತಿರುವುದೂ ಇದೇ.

ಇನ್ನು ಮೊಬೈಲ್ ಕಡೆಯ ಪಾಲು. ಅದನ್ನು ಬಿಟ್ಟು ಎಲ್ಲವನ್ನೂ ನಿಮ್ಮ ಮನಸ್ಸಿನ ಮೇಲೇ ಹಾಕಿದರೆ ಅನ್ಯಾಯವಾಗುತ್ತದೆ. ತಾರೀಖುಗಳನ್ನು ನೋಡಿ. 2020ರ ಮಾರ್ಚ್ 25ಕ್ಕೆ ದೇಶಕ್ಕೆ ಬೀಗ ಬಿತ್ತು. ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ನಮ್ಮ ದೇಶಕ್ಕೆ ರೀಲ್ಸ್ ತಂದಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು, ಅದೂ ಮೊದಲು ಭಾರತದಲ್ಲೇ. ಜನ ಮನೆಯಲ್ಲಿ ಕೂತು ಬೇಸತ್ತಿದ್ದ ಸಮಯಕ್ಕೆ ಸರಿಯಾಗಿ ಅರ್ಧ ನಿಮಿಷದ ವಿಡಿಯೊಗಳ ಪ್ರವಾಹವೇ ಮನೆಯೊಳಗೆ ನುಗ್ಗಿತು. ಇವಕ್ಕೆ ಕೊನೆ ಅನ್ನುವುದೇ ಇಲ್ಲ. ಪೇಪರ್ ಓದಿದರೆ ಕೊನೇ ಪುಟ ಬರುತ್ತದೆ, ಧಾರಾವಾಹಿಗೂ 'ಮುಂದುವರಿಯುವುದು' ಅಂತ ಬರುತ್ತದೆ. ಇಲ್ಲಿ ಸಾಕು ಅಂತ ಹೇಳುವವರು ಯಾರೂ ಇಲ್ಲ. ನೀವೇ ಹೇಳಬೇಕು, ಅದೂ ದಿನವಿಡೀ ದುಡಿದು ಸುಸ್ತಾದ ಮೇಲೆ, ರಾತ್ರಿ ಹನ್ನೆರಡಕ್ಕೆ. ಆ ಹೊತ್ತಿಗೆ ಯಾರ ಕೈಲೂ ಆಗಲ್ಲ. ನನ್ನ ಕೈಲೂ ಆಗಲ್ಲ.

ಇನ್ನೊಂದು ಮಾತು ನೀವು ಬರೆದಿಲ್ಲ, ನಾನು ಊಹೆ ಮಾಡುತ್ತಿದ್ದೇನೆ. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ನಿಮ್ಮ ಸಮಯ ತಿಂಡಿ, ಡಬ್ಬಿ, ಶಾಲೆ, ಬಿಸಿಯೂಟದ ಲೆಕ್ಕ, ಮಗನ ಟ್ಯೂಷನ್, ಪಾತ್ರೆಗೆ ಹೋಗುತ್ತದೆ. ಎಲ್ಲರೂ ಮಲಗಿದ ಮೇಲೆ ಸಿಗುವ ಆ ಮೂರು ಗಂಟೆ ಮಾತ್ರ ನಿಮ್ಮದು. ನಿದ್ದೆ ಮಾಡಿದರೆ ಅದೂ ಹೋಯಿತು, ಕಣ್ಣು ಬಿಟ್ಟರೆ ಮತ್ತೆ ತಿಂಡಿ. ಎಷ್ಟೋ ಹೆಣ್ಣುಮಕ್ಕಳು ನನ್ನೆದುರು ಇದನ್ನು ಒಪ್ಪಿಕೊಂಡಿದ್ದಾರೆ: 'ನಿದ್ದೆ ಬರುತ್ತೆ ಸರ್, ಆದರೆ ಮಲಗೋಕೆ ಮನಸ್ಸು ಬರಲ್ಲ.' ನಿಮ್ಮದೂ ಹೀಗೇ ಇದ್ದರೆ, ಮೊಬೈಲ್ ಬಿಸಾಕಿದರೂ ಆ ಹಸಿವು ಹಾಗೇ ಉಳಿಯುತ್ತದೆ. ಹಗಲಲ್ಲಿ ಒಂದಿಷ್ಟು ಹೊತ್ತು ನಿಮ್ಮದಾಗದೆ ರಾತ್ರಿಯ ಈ ಹಟ ಬಿಡಲ್ಲ.

ಈಗ ನೀವು ಕೇಳಿದ, ಮತ್ತು ಮೊಬೈಲ್ ನಿಮ್ಮ ತಲೆಗೆ ತುಂಬಿದ ಕೆಲವು ನಂಬಿಕೆಗಳನ್ನು ನೋಡೋಣ.

ನೀಲಿ ಬೆಳಕು. ಪರದೆಯ ಬೆಳಕು ನಿದ್ದೆಯ ಹಾರ್ಮೋನಾದ ಮೆಲಟೋನಿನ್ನನ್ನು ಸ್ವಲ್ಪ ತಡ ಮಾಡುತ್ತದೆ, ಅದು ಸುಳ್ಳಲ್ಲ. ಆದರೆ ಎಷ್ಟು ತಡ? 2015ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗದಲ್ಲಿ ಮಲಗುವ ಮುಂಚೆ ನಾಲ್ಕು ಗಂಟೆ ಹೊಳೆಯುವ ಪರದೆಯಲ್ಲಿ ಪುಸ್ತಕ ಓದಿದವರಿಗೆ, ಕಾಗದದ ಪುಸ್ತಕ ಓದಿದಾಗಿನದಕ್ಕಿಂತ ನಿದ್ದೆ ಬಂದದ್ದು ಸುಮಾರು ಹತ್ತು ನಿಮಿಷ ತಡವಾಗಿ. ನೀವು ಕಳೆದುಕೊಳ್ಳುತ್ತಿರುವುದು ಮೂರು ಗಂಟೆ. ಹತ್ತು ನಿಮಿಷದ ಕಳ್ಳನಿಗೆ ಕನ್ನಡಕ ಹಾಕಿ, ಮೂರು ಗಂಟೆಯ ಕಳ್ಳನಿಗೆ ಬಾಗಿಲು ತೆಗೆದಿಟ್ಟ ಹಾಗಾಯಿತು. ಆ ಕನ್ನಡಕದಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. 2023ರಲ್ಲಿ ಹದಿನೇಳು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ, ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಶೋಧಕರ ತಂಡದ ವಿಮರ್ಶೆಯೂ ಅದನ್ನೇ ಹೇಳಿತು. ದುಡ್ಡು ಕೊಟ್ಟು ತಂದಾಗಿದೆ, ಹಾಕಿಕೊಳ್ಳಿ, ನಷ್ಟ ಇಲ್ಲ. ಇನ್ನೊಂದು ಕೊಳ್ಳಬೇಡಿ.

ರೇಡಿಯೇಷನ್ನಿನಿಂದ ಮಿದುಳು ಹಾಳಾಗುತ್ತದೆ ಅನ್ನುವ ವಿಡಿಯೊಗಳನ್ನೂ ನೋಡಿರುತ್ತೀರಿ. ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ವಿಮರ್ಶೆ 2024ರಲ್ಲಿ ಹೇಳಿದೆ. ಮುಂದಕ್ಕೆ ಹೋಗೋಣ.

'ಡೋಪಮಿನ್ ಡಿಟಾಕ್ಸ್' ಅಂತ ಈಗ ಎಲ್ಲರೂ ಹೇಳುತ್ತಾರೆ. ತಮಾಷೆ ಅಂದರೆ ಅದನ್ನು ಹೇಳುವುದೂ ರೀಲ್ಸ್‌ನಲ್ಲೇ. ಡೋಪಮಿನ್ ಅನ್ನುವುದು ಮಿದುಳಿನಲ್ಲೇ ತಯಾರಾಗುವ ಒಂದು ರಾಸಾಯನಿಕ, ಅದು ವಿಷ ಅಲ್ಲ, ಮೈಯಿಂದ ಹೊರಹಾಕುವಂಥದ್ದಲ್ಲ. ಅದು ಕಡಿಮೆಯಾದರೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ. ಒಂದು ಭಾನುವಾರ ಮೊಬೈಲ್ ಮುಟ್ಟದೆ ಇದ್ದರೆ ಮನಸ್ಸಿಗೆ ವಿಶ್ರಾಂತಿ ಸಿಗಬಹುದು, ಒಳ್ಳೆಯದೇ. ಸೋಮವಾರ ರಾತ್ರಿ ಮತ್ತೆ ಅದೇ ಹಾಸಿಗೆ, ಅದೇ ಚಾರ್ಜರ್ ಇದ್ದರೆ ಬದಲಾವಣೆ ಎಲ್ಲಿಂದ ಬರಬೇಕು?

ಲಸಿಕೆ ಮತ್ತು ಹಾರ್ಟ್ ಅಟ್ಯಾಕ್ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಯಾಕೆಂದರೆ ನಿಮ್ಮ ಎದೆ ಡವಡವ ಇದಕ್ಕೇ ಅಂಟಿಕೊಂಡಿದೆ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಸುದ್ದಿಗಿಂತ ವೇಗವಾಗಿ ವಿಡಿಯೊ ಓಡಿತು. ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವುದರೊಳಗೆ ಸಾಲು. ಅದರಲ್ಲಿ ಎಷ್ಟೋ ಜನಕ್ಕೆ ಯಾವ ತೊಂದರೆಯೂ ಇರಲಿಲ್ಲ, ಮೊಬೈಲ್ ನೋಡಿ ಹೆದರಿ ಬಂದಿದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ ಎಂದು ಸಮಿತಿ ಹೇಳಿತು. ಅದಕ್ಕೂ ಮುಂಚೆ, 2023ರಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವಿನ ಬಗ್ಗೆ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಅಧ್ಯಯನ ಬಂದಿತ್ತು. ಲಸಿಕೆಯಿಂದ ಆ ಅಪಾಯ ಹೆಚ್ಚಲಿಲ್ಲ, ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಬೇರೆ: ಮನೆತನದಲ್ಲಿ ಹಠಾತ್ ಸಾವು ಆಗಿರುವುದು, ಕೊರೊನಾದಿಂದ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚೆ ವಿಪರೀತ ಕುಡಿದದ್ದು, ಮಾದಕ ವಸ್ತು, ಇದ್ದಕ್ಕಿದ್ದಂತೆ ಮೈಮುರಿದು ಕಸರತ್ತು ಮಾಡಿದ್ದು. ಕೋವಿಶೀಲ್ಡ್ ಥರದ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದು ನಿಜ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಅದು ಚುಚ್ಚಿಸಿಕೊಂಡ ಮೊದಲ ಕೆಲವು ವಾರಗಳಲ್ಲಿ ಬರುವಂಥದ್ದು. ವರ್ಷಗಳಾದ ಮೇಲೆ, ರಾತ್ರಿ ಹನ್ನೊಂದಕ್ಕೆ ವಿಡಿಯೊ ನೋಡಿದಾಗ ಬರುವಂಥದ್ದಲ್ಲ.

ನೀವು ಅಂಥ ಒಂದು ವಿಡಿಯೊವನ್ನು ಪೂರ್ತಿ ನೋಡಿದರೆ ಆ್ಯಪ್‌ಗೆ ಗೊತ್ತಾಗುವುದು ಒಂದೇ ವಿಷಯ: ಈಯಮ್ಮ ಇಲ್ಲಿ ನಿಂತರು. ನೀವು ಹೆದರಿ ನಿಂತಿರಾ, ಇಷ್ಟಪಟ್ಟು ನಿಂತಿರಾ ಅನ್ನುವುದು ಅದಕ್ಕೆ ಬೇಕಿಲ್ಲ. ಹಾಗಾಗಿ ಇನ್ನೂ ಹತ್ತು ಕಳಿಸುತ್ತದೆ. ನಿಮಗೆ ಊರಲ್ಲೆಲ್ಲ ಜನ ಕುಸಿದು ಬೀಳುತ್ತಿದ್ದಾರೆ ಅನಿಸುತ್ತದೆ. ಬಿದ್ದದ್ದು ನಿಮ್ಮ ಪರದೆಯಲ್ಲಿ. ಆ ವಿಡಿಯೊದ ಮೂಲೆಯ ಮೂರು ಚುಕ್ಕೆ ಒತ್ತಿ 'ನಾಟ್ ಇಂಟರೆಸ್ಟೆಡ್' ಅಂತ ಕೊಡಿ. ಸ್ವಲ್ಪ ದಿನ ಬಿಡದೆ ಮಾಡಿದರೆ ಕಡಿಮೆಯಾಗುತ್ತದೆ.

ಇಸಿಜಿ, ಎಕೊ ನಾರ್ಮಲ್ ಬಂದಿದೆ. ಮಲಗಿ ವಿಡಿಯೊ ನೋಡುವಾಗ ಮಾತ್ರ ಡವಡವ ಅನ್ನುವುದು ಆತಂಕದ ಲಕ್ಷಣ. ಆದರೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರೆ, ನೋವು ಭುಜಕ್ಕೋ ದವಡೆಗೋ ಹರಡಿದರೆ, ಬೆವರು ಕಿತ್ತು ಉಸಿರು ಕಟ್ಟಿದರೆ ಆತಂಕ ಅಂತ ಸುಮ್ಮನಿರಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.

ಕಣ್ಣು, ಕತ್ತು, ಮರೆವು. ಕಣ್ಣುರಿಗೆ ಕಾರಣ ಬೆಳಕಲ್ಲ, ರೆಪ್ಪೆ ಬಡಿಯದೇ ಇರುವುದು. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲದ ಹತ್ತಿರ ರೆಪ್ಪೆ ಬಡಿಯುತ್ತೇವೆ, ಪರದೆ ನೋಡುವಾಗ ಅದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಕಣ್ಣು ಒಣಗುತ್ತದೆ. ಫ್ಯಾನ್ ಗಾಳಿ ಮುಖಕ್ಕೇ ಬೀಸುತ್ತಿದ್ದರೆ ಇನ್ನೂ ಜಾಸ್ತಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರಕ್ಕೆ ಇಪ್ಪತ್ತು ಸೆಕೆಂಡ್ ನೋಡಿ ಅಂತ ಕಣ್ಣಿನ ಡಾಕ್ಟರು ಹೇಳುವುದು ಇದಕ್ಕೇ. ನಿಮ್ಮ ವಯಸ್ಸಿಗೆ ಚಾಳೀಸಿನ ನಂಬರೂ ಬಂದಿರುತ್ತದೆ, ಒಮ್ಮೆ ಪರೀಕ್ಷೆ ಮಾಡಿಸಿ. ಕತ್ತಿನ ವಿಷಯಕ್ಕೆ ಬಂದರೆ, ಒಂದೇ ಮಗ್ಗುಲಿಗೆ ಮಲಗಿ, ಮೊಣಕೈ ಊರಿ, ಮೂರು ಗಂಟೆ ಮೊಬೈಲ್ ಹಿಡಿದರೆ ಕತ್ತು ನೋಯದೆ ಇನ್ನೇನು? ಮೂಳೆ ಸವೆದಿದೆ ಅಂತ ಹೆದರಿ ಎಂಆರ್‌ಐಗೆ ಓಡಬೇಡಿ. ಕೈ ಜೋಮು ಹಿಡಿಯುವುದು, ಹಿಡಿತ ಕಡಿಮೆಯಾಗುವುದು ಇದ್ದರೆ ಮಾತ್ರ ತಡಮಾಡದೆ ತೋರಿಸಿ.

ಮರೆವಿಗೆ ಬೇಕಾದಷ್ಟು ಕಾರಣ ನಿಮ್ಮ ಪತ್ರದಲ್ಲೇ ಇದೆ. ಒಂದೂವರೆಗೆ ಮಲಗಿ ಐದೂವರೆಗೆ ಎದ್ದರೆ ನಾಲ್ಕು ಗಂಟೆ ನಿದ್ದೆ. ಅದರಲ್ಲಿ ಒಮ್ಮೆ ಎಚ್ಚರ. ವರ್ಷಗಟ್ಟಲೆ ಹೀಗೆ ನಡೆದರೆ ಮಕ್ಕಳ ಹೆಸರು ತಕ್ಷಣ ನಾಲಿಗೆಗೆ ಬರಲ್ಲ. ಅದು ಮಿದುಳು ಕೆಟ್ಟದ್ದಲ್ಲ. ಆದರೂ ಎಲ್ಲವನ್ನೂ ಮೊಬೈಲ್ ತಲೆಗೆ ಕಟ್ಟುವುದು ನನಗೆ ಇಷ್ಟವಿಲ್ಲ. 44ರ ಹೆಣ್ಣುಮಗಳಿಗೆ ಸುಸ್ತು, ಮರೆವು, ಡವಡವ, ನಿದ್ದೆ ಕೆಡುವುದು ಥೈರಾಯ್ಡಿನಿಂದ ಬರಬಹುದು, ರಕ್ತ ಕಡಿಮೆಯಿದ್ದರೆ ಬರಬಹುದು, ಬಿ12 ಕೊರತೆಯಿಂದ ಬರಬಹುದು, ಮುಟ್ಟು ನಿಲ್ಲುವ ಮುಂಚಿನ ಏರುಪೇರಿನಿಂದಲೂ ಬರಬಹುದು. ಕೊರೊನಾ ಬಂದುಹೋದ ಮೇಲೆ ತಿಂಗಳುಗಟ್ಟಲೆ ಸುಸ್ತು, ಮಂಕು ಉಳಿಯುವುದೂ ನಿಜವಾದ ಕಾಯಿಲೆಯೇ. ನಿಮಗೆ ಕೊರೊನಾ ಬಂದಿತ್ತಾ ಇಲ್ವಾ ಅಂತ ನೀವು ಬರೆದಿಲ್ಲ. ಬಂದಿದ್ದು, ಈ ತೊಂದರೆ ಆಗಿನಿಂದಲೇ ಶುರುವಾಗಿದ್ದರೆ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಿ. ಟಿಎಸ್‌ಎಚ್ ಅನ್ನುವ ಥೈರಾಯ್ಡ್ ಪರೀಕ್ಷೆ, ಹಿಮೋಗ್ಲೋಬಿನ್, ಬಿ12, ಸಕ್ಕರೆ, ಇಷ್ಟು ಮಾಡಿಸಿದರೆ ಶುರುವಿಗೆ ಸಾಕು.

ಇನ್ನು ಏನು ಮಾಡಬೇಕು ಅನ್ನುವುದು.

ನಿಮ್ಮ ಯಜಮಾನರು ಹೇಳಿದ ಹಾಗೆ ಎಲ್ಲಾ ಡಿಲೀಟ್ ಮಾಡಬಹುದು. ಕೆಲವರಿಗೆ ಅದು ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 2018ರಲ್ಲಿ ನಾಲ್ಕು ವಾರ ಫೇಸ್‌ಬುಕ್ ಬಿಟ್ಟವರ ಮೇಲೆ ಒಂದು ದೊಡ್ಡ ಪ್ರಯೋಗ ಮಾಡಿದರು. ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸು ಸ್ವಲ್ಪ ಹಗುರಾಯಿತು. 'ಸ್ವಲ್ಪ' ಅನ್ನುವುದನ್ನು ಗಮನಿಸಿ, ಪವಾಡ ಏನೂ ಆಗಲಿಲ್ಲ. ನಿಮ್ಮ ವಿಷಯದಲ್ಲಿ ತೊಂದರೆ ಬೇರೆ ಇದೆ. ಶಾಲೆಯ ಸುತ್ತೋಲೆ, ಮಕ್ಕಳ ಮಾಹಿತಿ, ಎಲ್ಲವೂ ವಾಟ್ಸಾಪ್‌ನಲ್ಲೇ. ರಾತ್ರಿ ಹತ್ತು ಗಂಟೆಗೆ 'ನಾಳೆ 11ರೊಳಗೆ ಮಾಹಿತಿ ಸಲ್ಲಿಸಿ' ಅಂತ ಬರುವುದು ನಿಮಗೆ ಹೊಸದಲ್ಲ. ಅಣ್ಣನ ಫೋಟೊ, ಅವರ ಹಳೇ ಮೆಸೇಜು ಕೂಡ ಅಲ್ಲೇ ಇರಬಹುದು. ಸಿಟ್ಟಿನಲ್ಲಿ ಅಳಿಸಿ, ಆಮೇಲೆ ವರ್ಷಗಟ್ಟಲೆ ಅತ್ತವರನ್ನು ನೋಡಿದ್ದೇನೆ. ಅಳಿಸಲೇಬೇಕು ಅನಿಸಿದರೆ ರೀಲ್ಸ್ ಇರುವ ಆ್ಯಪ್ ಒಂದನ್ನು ತೆಗೆಯಿರಿ. ವಾಟ್ಸಾಪ್ ಮುಟ್ಟಬೇಡಿ.

ನಾನು ಹೇಳುವುದು ಬೇರೆ ದಾರಿ. ಮೊಬೈಲನ್ನು ಮಲಗುವ ಕೋಣೆಯಿಂದ ಆಚೆ, ಹಾಲ್‌ನಲ್ಲಿ ಚಾರ್ಜಿಗೆ ಹಾಕಿ. ಇದನ್ನು ಎಲ್ಲರೂ ಹೇಳುತ್ತಾರೆ, ನಿಮಗೂ ಯಾರೋ ಹೇಳಿರುತ್ತಾರೆ. ಹನ್ನೆರಡು ಗಂಟೆಗೆ ಎದ್ದುಹೋಗಿ ತಂದಿರುತ್ತೀರಿ. ಯಾಕೆ ತಂದಿರಿ? 'ರಾತ್ರಿ ಯಾರಿಗಾದರೂ ಏನಾದರೂ ಆಗಿ ನನಗೆ ಗೊತ್ತಾಗದೇ ಹೋದರೆ?' ಆ ಭಯಕ್ಕೆ ಮೊದಲು ಉತ್ತರ ಕೊಡಬೇಕು. ಒಂದು ಕೀಪ್ಯಾಡ್ ಫೋನ್ ತಗೊಂಡು ಹಾಸಿಗೆ ಪಕ್ಕ ಇಟ್ಟುಕೊಳ್ಳಿ. ಅದರ ನಂಬರು ತಾಯಿ, ಅತ್ತಿಗೆ, ತೀರಾ ಹತ್ತಿರದ ಒಬ್ಬಿಬ್ಬರಿಗೆ ಮಾತ್ರ. 'ರಾತ್ರಿ ಏನೇ ಆದರೂ ಇದಕ್ಕೆ ಫೋನ್ ಮಾಡಿ, ಮೆಸೇಜ್ ಹಾಕಬೇಡಿ' ಅಂತ ಹೇಳಿ. ಇನ್ನೊಂದು ಫೋನ್ ಬೇಡ ಅಂದರೆ ಇರುವ ಫೋನಿನಲ್ಲೇ 'ಡು ನಾಟ್ ಡಿಸ್ಟರ್ಬ್' ಹಾಕಿ, ಆ ನಾಲ್ಕು ನಂಬರು ಮಾತ್ರ ರಿಂಗ್ ಆಗುವ ಹಾಗೆ ಮಾಡಬಹುದು. ಮಗನಿಗೆ ಹೇಳಿದರೆ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾನೆ. ಕಾಯುವ ಕೆಲಸ ಇನ್ನು ಫೋನಿನ ಗಂಟೆಯದ್ದು, ನಿಮ್ಮದಲ್ಲ. ಅಲಾರಂಗೆ ಮಾಮೂಲಿ ಗಡಿಯಾರ ಇಡಿ, ಇಲ್ಲದಿದ್ದರೆ ಅದೇ ನೆಪವಾಗುತ್ತದೆ.

ಮೊದಲ ಕೆಲವು ರಾತ್ರಿ ಕಷ್ಟವಾಗುತ್ತದೆ. ನಿದ್ದೆ ಇನ್ನೂ ಕೆಡಬಹುದು. ಅಷ್ಟೇ ಅಲ್ಲ, ಮೊಬೈಲ್ ಇಲ್ಲದ ಕತ್ತಲೆಯಲ್ಲಿ ಅಣ್ಣನ ನೆನಪು ನುಗ್ಗಿ ಬರಬಹುದು. ಇಷ್ಟು ದಿನ ರೀಲ್ಸ್ ಆ ನೆನಪಿಗೆ ಅಡ್ಡ ನಿಂತಿತ್ತು. ಅಳು ಬಂದರೆ ಅತ್ತುಬಿಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಬೇರೆ ಕಡೆ ಕೂತು, ಮಂದ ಬೆಳಕಿನಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗ ಬಂದು ಮಲಗಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಯಿಸಬೇಡಿ, ಭಾನುವಾರವೂ ಅದೇ. ಮಧ್ಯಾಹ್ನ ಮಲಗಬೇಡಿ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಇದು ನಿದ್ದೆಗೆ ಮಾತ್ರೆಗಿಂತ ಹೆಚ್ಚು ದಿನ ಬಾಳುವ ಚಿಕಿತ್ಸೆ. ಕೆಲವು ವಾರ ಬೇಕು.

ರೀಲ್ಸನ್ನು ಪೂರ್ತಿ ಬಿಡಬೇಕಿಲ್ಲ. ಸಂಜೆ ಶಾಲೆಯಿಂದ ಬಂದು, ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ನೋಡಿ. ಆ ಅರ್ಧ ಗಂಟೆ ಯಾರೂ 'ತಿಂಡಿ ಏನು' ಅಂತ ಕೇಳಬಾರದು. ಹಾಸಿಗೆಯಲ್ಲಿ ಮಾತ್ರ ಬೇಡ.

ಈಗ ಪಕ್ಕದ ಮನೆಯ ಮಾತ್ರೆ. ಹೆಸರು ಬರೆದಿಲ್ಲವಾದರೂ ಹೆಚ್ಚಿನ ಮನೆಗಳಲ್ಲಿ ಹೀಗೆ ಕೈಬದಲಾಗುವುದು ಆಲ್‌ಪ್ರಜೋಲಮ್. ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಲ್ಲಿ ಕೊಡಬಾರದ ಮಾತ್ರೆ ಅದು. ಮೊದಲ ರಾತ್ರಿ ಸೊಗಸಾಗಿ ನಿದ್ದೆ ಬರುತ್ತದೆ, ಅದೇ ಅದರ ಅಪಾಯ. ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆ ಬರದ ಹಾಗಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ನಡುಕ, ಆತಂಕ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಮರೆವೂ ಹೆಚ್ಚುತ್ತದೆ. ಬೆಳಿಗ್ಗೆ ಸ್ಕೂಟಿ ಓಡಿಸುವವರಾದರೆ ಇನ್ನೂ ಅಪಾಯ. ಮೊಬೈಲ್ ಚಟ ಇದೆಯಾ ಅಂತ ಹೆದರಿದವರು ನಿಜವಾದ ಚಟಕ್ಕೆ ಬೀಳುವ ದಾರಿ ಇದು. ಮಾತ್ರೆ ಬೇಕೇ ಬೇಕಾದರೆ ಬೇರೆ ಬೇರೆ ಇವೆ, ಪರೀಕ್ಷೆ ಮಾಡಿದ ಡಾಕ್ಟರೇ, ಎಷ್ಟು ದಿನ ಅಂತ ಹೇಳಿಯೇ ಕೊಡಬೇಕು. ಆನ್‌ಲೈನಿನಲ್ಲಿ ಸಿಗುವ ಮೆಲಟೋನಿನ್ ಮಿಠಾಯಿಗಳಿಂದ ಇಂಥ ಅಪಾಯ ಇಲ್ಲ, ಆದರೆ ಬೇಕೆಂದೇ ಎದ್ದು ಕೂತವರಿಗೆ ಅದರಿಂದ ಪ್ರಯೋಜನವೂ ಅಷ್ಟಕ್ಕಷ್ಟೇ.

ಒಂದು ತಿಂಗಳು ಇಷ್ಟು ಮಾಡಿಯೂ ನಿದ್ದೆ ಸುಧಾರಿಸದಿದ್ದರೆ, ಅಣ್ಣನ ವಿಷಯ ಬಂದಾಗ ಈಗಲೂ ನಿನ್ನೆ ಮೊನ್ನೆ ಆದ ಹಾಗೆ ಎದೆ ಕಟ್ಟಿದರೆ, ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿದರೆ ಮನೋವೈದ್ಯರನ್ನು ನೋಡಿ. ಮುಗಿಯದ ದುಃಖಕ್ಕೂ ಚಿಕಿತ್ಸೆ ಇದೆ, ಹೆಚ್ಚಿನದು ಮಾತಿನಲ್ಲೇ. ಜಿಲ್ಲಾಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯ ವಿಭಾಗ ಇರುತ್ತದೆ. ಹೋಗಲು ಮುಜುಗರವಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಿಂದ ನಡೆಯುತ್ತಿರುವ ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ತಿಂಗಳು ಕಾಯಬೇಡಿ, ಅವತ್ತೇ ಮಾಡಿ, ಮನೆಯವರಿಗೂ ಹೇಳಿ.

ಮಗನ ವಿಷಯ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಉಪದೇಶ ಬಿಡಿ. ರಾತ್ರಿ ಹತ್ತೂವರೆಗೆ ಮನೆಯ ಎಲ್ಲಾ ಮೊಬೈಲ್ ಹಾಲ್‌ನ ಒಂದೇ ಜಾಗದಲ್ಲಿ ಚಾರ್ಜಿಗೆ ಅಂತ ನಿಯಮ ಮಾಡಿ, ನಿಮ್ಮದನ್ನು ಮೊದಲು ಇಡಿ. ಹದಿಹರೆಯದವರ ಮನಸ್ಸಿಗೆ ಮೊಬೈಲ್ ಎಷ್ಟು ಹಾನಿ ಅನ್ನುವುದರ ಬಗ್ಗೆ ಸಂಶೋಧಕರಲ್ಲೇ ಜಗಳ ಇನ್ನೂ ಮುಗಿದಿಲ್ಲ. ನಿದ್ದೆ ಕೆಟ್ಟರೆ ಹಾನಿ ಅನ್ನುವುದರಲ್ಲಿ ಯಾವ ಜಗಳವೂ ಇಲ್ಲ. ಅವನ ಜತೆ ಅದನ್ನಷ್ಟೇ ಮಾತಾಡಿ.

ಯಜಮಾನರ ಮೊಬೈಲೂ ಅಲ್ಲೇ ಇರಬೇಕು. ಇದನ್ನು ನಾನು ಹೇಳಿದೆ ಅಂತಲೇ ಹೇಳಿ. ಸಂಜೆಯ ಆ ಅರ್ಧ ಗಂಟೆ ಅಡುಗೆಮನೆ ನೋಡಿಕೊಳ್ಳುವ ಜವಾಬ್ದಾರಿಯೂ ಅವರದ್ದೇ. ರಕ್ತಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ, ಟಿಎಸ್‌ಎಚ್ ಎಷ್ಟಿದೆ ಅಂತ ತಪ್ಪದೆ ತಿಳಿಸಿ.